ಕ್ಯೋಟೋದಲ್ಲಿ ಕೈಸೆಕಿ ಊಟಕ್ಕೆ ಹೊರಟಿದ್ದೇವೆ, ಯಜಮಾನ್ರು ಶುದ್ಧ ಸಸ್ಯಾಹಾರಿ. ಗೊತ್ತಿದ್ದವರು ಹೇಳ್ತೀರಾ?

ಮಾಳಮಡ್ಡಿ ಅಂಗಳ

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು. ಮಗ ಜಪಾನಿನ ಓಸಾಕಾದಲ್ಲಿ ಕೆಲಸದಲ್ಲಿದ್ದಾನೆ, ಮೂರು ವರ್ಷದಿಂದ ಬನ್ನಿ ಬನ್ನಿ ಅಂತ ಕರೆಯುತ್ತಿದ್ದ, ಈ ನವೆಂಬರ್‌ನಲ್ಲಿ ಹೊರಟಿದ್ದೇವೆ. ಯಜಮಾನ್ರು ಈ ವರ್ಷ ಮಾಸ್ತರಿಕೆಯಿಂದ ನಿವೃತ್ತರಾದರು. ಆ ಖುಷಿಗೆ ಕ್ಯೋಟೋದಲ್ಲಿ ಒಂದು ಒಳ್ಳೆಯ ಕಡೆ ನಮ್ಮ ಮೂವರಿಗೂ ಕೈಸೆಕಿ ಊಟ ಮಾಡಿಸಬೇಕು ಅಂತ ಅವನ ಆಸೆ. ಇದು ಬೇಕು ಅದು ಬೇಕು ಅಂತ ನಾವು ಹೇಳುವ ಹಾಗಿಲ್ಲವಂತೆ, ಅಡುಗೆಯವರು ಆ ದಿನ ಏನು ಮಾಡಿರುತ್ತಾರೋ ಅದೇ ಒಂದರ ಹಿಂದೆ ಒಂದು ಹತ್ತು ಬಗೆ ಬರುತ್ತದಂತೆ, ಎರಡೂವರೆ ತಾಸು ಕೂತು ಉಣ್ಣಬೇಕಂತೆ. ತಲೆಗೆ 20 ಸಾವಿರ ಯೆನ್. ನಮ್ಮ ಲೆಕ್ಕಕ್ಕೆ 10 ಸಾವಿರ ರೂಪಾಯಿ ದಾಟುತ್ತದೆ. ಕೇಳಿ ಎದೆ ಧಸಕ್ ಅಂತು. ಆದರೆ ಅವನು ಅಷ್ಟು ಆಸೆಯಿಂದ ಹೇಳುವಾಗ ಬೇಡ ಅನ್ನಲು ಬಾಯಿ ಬರಲಿಲ್ಲ.

ಈಗ ಚಿಂತೆ ಏನಂದ್ರೆ, ಯಜಮಾನ್ರು ಮೊಟ್ಟೆ ಕೂಡ ಮುಟ್ಟುವುದಿಲ್ಲ. ನನ್ನ ತವರು ಕಾರವಾರ, ಮೀನು ತಿಂದೇ ಬೆಳೆದವಳು, ಈಗಲೂ ಹೊರಗೆ ಹೋದಾಗ ತಿನ್ನುತ್ತೇನೆ. ಆದರೆ ಹಸಿ ಮೀನು ಯಾವತ್ತೂ ತಿಂದಿಲ್ಲ. ಒಂದೇ ಮೇಜಿನಲ್ಲಿ ಇಬ್ಬರಿಗೂ ಬೇರೆ ಬೇರೆ ಕೊಡುತ್ತಾರಾ? ಆ ಕಡ್ಡಿಯಲ್ಲಿ ತಿನ್ನಲು ಬರದಿದ್ದರೆ ಅವರು ತಪ್ಪು ತಿಳಿಯುತ್ತಾರಾ? ನನಗೆ ಮೊಣಕಾಲು ನೋವು, ನೆಲದ ಮೇಲೆ ಅಷ್ಟು ಹೊತ್ತು ಕೂರಲು ಆಗಲ್ಲ. ಇದೆಲ್ಲಕ್ಕಿಂತ ಹೆಚ್ಚಾಗಿ, ಸುಮ್ನೆ ಫೋಟೋ ತೆಗೆಸಿಕೊಂಡು ಬರುವುದು ನಮಗೆ ಬೇಡ. ಅಷ್ಟು ದುಡ್ಡು ಕೊಟ್ಟು ಉಣ್ಣುತ್ತೇವೆ ಅಂದ ಮೇಲೆ ರುಚಿ ತಿಳಿದು ಉಣ್ಣಬೇಕು. ಅದಕ್ಕೆ ಮುಂಚೆ ಏನು ತಿಳಿದುಕೊಂಡಿರಬೇಕು, ದಯವಿಟ್ಟು ಹೇಳಿ.

ಗದಗಿನವ, ಈಗ ಓಸಾಕಾ

ಅಕ್ಕಾರೆ, ನಮಸ್ಕಾರ. ನಾನು ಇಲ್ಲಿಗೆ ಬಂದು ಏಳು ವರ್ಷ ಆಯಿತು. ಮೊದಲು ಯಜಮಾನ್ರ ವಿಷಯ ಹೇಳ್ತೀನಿ, ಯಾಕಂದ್ರೆ ಅದನ್ನು ಈಗಲೇ ಸರಿಮಾಡದಿದ್ದರೆ ಆ ದಿನ ಅವರ ಮುಂದೆ ಬರೀ ಅನ್ನ ಉಳಿಯುತ್ತದೆ.

ಇಲ್ಲಿ ಮೀನು ಕಣ್ಣಿಗೆ ಕಾಣುವ ಕಡೆ ಮಾತ್ರ ಇರುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಅಡುಗೆಯ ಬುಡದಲ್ಲೂ ದಾಶಿ ಅಂತ ಒಂದು ನೀರು ಇರುತ್ತದೆ. ನಮ್ಮಲ್ಲಿ ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡ್ತೀವಲ್ಲ, ಆ ಕಟ್ಟು ಸಾರಿಗೆ ಹೇಗೋ ದಾಶಿ ಇವರ ಅಡುಗೆಗೆ ಹಾಗೆ. ಅದನ್ನು ಎರಡು ಪದಾರ್ಥದಿಂದ ತೆಗೆಯುತ್ತಾರೆ. ಒಂದು ಕೊಂಬು, ಅಂದರೆ ಒಣಗಿಸಿದ ಸಮುದ್ರದ ಸೊಪ್ಪು. ಇನ್ನೊಂದು ಕಾತ್ಸುಒಬುಶಿ, ಹೊಗೆಯಲ್ಲಿಟ್ಟು ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಮೀನು, ಅದನ್ನು ತೆಳ್ಳಗೆ ಹೆರೆದು ಬಿಸಿ ನೀರಿಗೆ ಹಾಕಿ ಸೋಸುತ್ತಾರೆ. ಬೇಯಿಸಿದ ಮೂಲಂಗಿ, ಬದನೆಕಾಯಿ, ತೋಫು ಅಂದರೆ ಸೋಯಾ ಹಾಲಿನ ಪನೀರು, ಹುಳಿ ಬರಿಸಿದ ಸೋಯಾ ಮುದ್ದೆ ಕದಡಿ ಮಾಡುವ ಮಿಸೋ ಸಾರು, ಕೆಲವು ಉಪ್ಪಿನಕಾಯಿಯಲ್ಲೂ ಇದು ಇರುತ್ತದೆ. ತಾಟಿನಲ್ಲಿ ಬರೀ ತರಕಾರಿ ಕಾಣುತ್ತಿದೆ ಅಂತ ನಂಬಿ ತಿಂದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ, ಆಮೇಲೆ ತಿಳಿದು ತುಂಬಾ ಬೇಜಾರು ಮಾಡಿಕೊಳ್ಳುತ್ತಾರೆ.

ಆದ್ದರಿಂದ ಮಗನಿಗೆ ಹೇಳಿ, ಬುಕ್ ಮಾಡುವಾಗ ಬರೀ ವೆಜಿಟೇರಿಯನ್ ಅಂದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮೀನಿನ ದಾಶಿಯೂ ಬೇಡ, ಕೊಂಬು ಮತ್ತು ಒಣ ಶಿಟಾಕೆ ಅಣಬೆ ನೆನೆಸಿದ ದಾಶಿ ಆಗುತ್ತದೆ, ಹೀಗೆ ಒಂದೊಂದಾಗಿ ಬಿಡಿಸಿ ಹೇಳಬೇಕು. ಅಡುಗೆಗೆ ಸಾಕೆ, ಮಿರಿನ್ ಅನ್ನುವ ಅಕ್ಕಿ ಮದ್ಯವನ್ನೂ ಹಾಕುತ್ತಾರೆ, ಅದೂ ಬೇಡ ಅನ್ನುವುದಾದರೆ ಅದನ್ನೂ ಸೇರಿಸಿ. ಕೆಲವು ಕಡೆ ಆಗಲ್ಲ ಅಂತ ಹೇಳುತ್ತಾರೆ. ಅದು ಸೊಕ್ಕಲ್ಲ. ದಾಶಿ ಬದಲಾದರೆ ಅವರ ಹತ್ತೂ ಅಡುಗೆ ಬದಲಾಗಬೇಕು, ಅರೆಮನಸ್ಸಿನಿಂದ ಮಾಡಿ ಕೊಡುವುದಕ್ಕಿಂತ ಆಗಲ್ಲ ಅನ್ನುವುದೇ ನಿಜವಾದ ಮರ್ಯಾದೆ ಅಂತ ನನಗೆ ಅನಿಸುತ್ತದೆ. ಆಗುತ್ತದೆ ಅನ್ನುವವರು ಸಿಗುತ್ತಾರೆ, ಕ್ಯೋಟೋ ದೇವಸ್ಥಾನಗಳ ಊರು, ಸಸ್ಯಾಹಾರದ ಅಡುಗೆ ಅಲ್ಲಿ ಹಳೆಯದು. ಆದಷ್ಟು ಬೇಗ ಕೇಳಿ ಅಷ್ಟೇ. ಇನ್ನೊಂದು ವಿಷಯ, ನಿಮ್ಮ ಲೆಕ್ಕಕ್ಕೇ ಸಾಮಾನು ತರಿಸಿರುತ್ತಾರೆ, ಹಿಂದಿನ ದಿನ ಬರಲ್ಲ ಅಂದರೆ ಎಷ್ಟೋ ಕಡೆ ಪೂರ್ತಿ ದುಡ್ಡು ಕೊಡಬೇಕಾಗುತ್ತದೆ.

ಕೊಂಬು ಬಗ್ಗೆ ಒಂದು ಮಾತು ಹೇಳಲೇಬೇಕು. 1908ರಲ್ಲಿ ಟೋಕಿಯೋದ ಇಕೆದಾ ಕಿಕುನಾಎ ಅನ್ನುವ ರಸಾಯನಶಾಸ್ತ್ರಜ್ಞರು, ಸಿಹಿ ಹುಳಿ ಉಪ್ಪು ಕಹಿ ಬಿಟ್ಟು ಈ ಸಾರಿನಲ್ಲಿ ಇನ್ನೊಂದು ರುಚಿ ಇದೆಯಲ್ಲ ಅಂತ ಹುಡುಕಿ, ಕೊಂಬಿನಿಂದಲೇ ಆ ರುಚಿ ಕೊಡುವ ಗ್ಲುಟಮೇಟ್ ಅನ್ನುವ ಪದಾರ್ಥವನ್ನು ಬೇರೆ ಮಾಡಿದರು. ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಹುಬ್ಬಳ್ಳಿಯ ಗೋಬಿ ಗಾಡಿಗಳಲ್ಲಿ ಕಾಣುವ ಅಜಿನೊಮೊಟೊ ಹುಟ್ಟಿದ್ದು ಅಲ್ಲಿಂದಲೇ. ಅಂದರೆ ಯಜಮಾನ್ರಿಗೆ ಮೀನಿಲ್ಲದ ದಾಶಿ ಕೊಟ್ಟರೆ ಏನೋ ಕಳೆದುಕೊಂಡರು ಅಂತ ಅಂದುಕೊಳ್ಳಬೇಡಿ. ಆ ರುಚಿ ಮೊದಲು ಸಿಕ್ಕಿದ್ದೇ ಸೊಪ್ಪಿನಲ್ಲಿ.

ಇನ್ನು ಊಟ. ಕೈಸೆಕಿ ಅನ್ನುವ ಹೆಸರನ್ನು ಒಂದು ರೀತಿ ಬರೆದರೆ ಎದೆಗೆ ಇಟ್ಟುಕೊಂಡ ಕಲ್ಲು ಅಂತ ಅರ್ಥ ಬರುತ್ತದೆ. ಝೆನ್ ಸನ್ಯಾಸಿಗಳು ಹಸಿವು ತಡೆಯಲು ಬಿಸಿ ಮಾಡಿದ ಕಲ್ಲನ್ನು ಬಟ್ಟೆಯೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. ಚಹಾದ ಗುರು ಸೆನ್ ನೋ ರಿಕ್ಯೂ (1522-1591) ಕಾಲದಲ್ಲಿ ಗಟ್ಟಿ ಚಹಾ ಕುಡಿಯುವ ಮುಂಚೆ ಹೊಟ್ಟೆಗೆ ಸ್ವಲ್ಪ ಇರಲಿ ಅಂತ ಕೊಡುತ್ತಿದ್ದ ಸಣ್ಣ ಊಟ ಅದು. ಈಗ ದೊಡ್ಡದಾಗಿದೆ. ಮೊದಲು ಒಂದು ತುತ್ತಿನ ಸಾಕಿಝುಕೆ ಬರುತ್ತದೆ. ಹಾಸ್ಸುನ್ ಅಂತ ಒಂದು ತಟ್ಟೆ ಬರುತ್ತದೆ, ಎಂಟು ಸುನ್ ಅಂದರೆ ಸುಮಾರು 24 ಸೆಂಟಿಮೀಟರ್ ಅಗಲದ ತಟ್ಟೆ, ಹೆಸರು ಅದರಿಂದಲೇ ಬಂದದ್ದು, ಅದರಲ್ಲಿ ಆ ಕಾಲಕ್ಕೆ ಬೆಟ್ಟದಲ್ಲಿ ಸಿಗುವುದು, ಸಮುದ್ರದಲ್ಲಿ ಸಿಗುವುದು ಸ್ವಲ್ಪ ಸ್ವಲ್ಪ. ಮುಚ್ಚಳ ಇರುವ ಬಟ್ಟಲಲ್ಲಿ ಸಾರು, ಹಸಿ ಮೀನು, ಸುಟ್ಟದ್ದು, ಬೇಯಿಸಿದ್ದು. ಕೊನೆಗೆ ಅನ್ನ, ಮಿಸೋ ಸಾರು, ಉಪ್ಪಿನಕಾಯಿ, ಆಮೇಲೆ ಹಣ್ಣು. ಒಂದೊಂದು ಊಟದ ಮನೆಯ ಸಾಲು ಒಂದೊಂದು ಥರ.

ನೀವು ರುಚಿ ತಿಳಿದು ಉಣ್ಣಬೇಕು ಅಂದಿರಲ್ಲ, ಅದಕ್ಕೆ ಒಂದೇ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಈ ಊಟದ ಜೀವ ಇರುವುದು ಕಾಲದಲ್ಲಿ. ಇವರು ಒಂದು ಪದಾರ್ಥಕ್ಕೆ ಮೂರು ಹೊತ್ತು ಗುರುತಿಸುತ್ತಾರೆ. ಆಗಷ್ಟೇ ಬರಲು ಶುರುವಾದದ್ದು ಹಾಶಿರಿ. ತುಂಬಿ ಬಂದಾಗ ಶುನ್. ಮುಗಿಯುತ್ತಾ ಬಂದಾಗ ನಾಗೊರಿ, ಆ ಹೆಸರಿನಲ್ಲೇ ಬಿಟ್ಟು ಹೋಗುವ ಬೇಸರ ಇದೆ. ನಮಗಿದು ಹೊಸದಲ್ಲ. ಧಾರವಾಡದ ಆಪೂಸ್ ಮೊದಲ ಪೆಟ್ಟಿಗೆ ಪ್ಯಾಟಿಗೆ ಬಂದಾಗ ತಿನ್ನುವ ಹಣ್ಣು ಬೇರೆ, ಮಳೆ ಬಿದ್ದ ಮೇಲೆ ಕೊನೆಗೆ ಉಳಿದ ನಾಲ್ಕು ಹಣ್ಣು ಬೇರೆ, ಅಲ್ವಾ? ನಮ್ಮ ಹೊಲದಲ್ಲಿ ಜೋಳದ ತೆನೆ ಹಾಲುಗಟ್ಟಿದಾಗ ಸುಟ್ಟು, ಉಜ್ಜಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ಸೀತನಿ ತಿನ್ನುತ್ತೇವೆ. ಆ ಕೆಲವು ದಿನ ದಾಟಿದರೆ ಎಷ್ಟು ದುಡ್ಡು ಕೊಟ್ಟರೂ ಆ ವರ್ಷ ಸೀತನಿ ಇಲ್ಲ. ಅದೇ ಶುನ್. ನೀವು ಬರುವ ನವೆಂಬರ್‌ನಲ್ಲಿ ಪರ್ಸಿಮನ್ ಹಣ್ಣು, ಗಿಂಕೊ ಬೀಜ, ಕೆಸುವಿನ ಗಡ್ಡೆ, ಯೂಝು ನಿಂಬೆ, ಹೊಸ ಅಕ್ಕಿ ಇರುತ್ತವೆ. ತಾಟಿನ ಪಕ್ಕದಲ್ಲಿ ಒಂದು ಕೆಂಪು ಮೇಪಲ್ ಎಲೆ ಇಟ್ಟಿರುತ್ತಾರೆ. ಅದು ಬರೀ ಅಲಂಕಾರಕ್ಕಲ್ಲ, ಹೊರಗೆ ಬೆಟ್ಟ ಯಾವ ಬಣ್ಣದಲ್ಲಿದೆ ಅಂತ ಹೇಳುವುದಕ್ಕೆ.

ಹಳೇ ಹುಬ್ಬಳ್ಳಿ

ನನ್ನ ಅಭಿಪ್ರಾಯ ಬೇರೆ, ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಕಂಪನಿಯವರು ಇಂಥ ಜಪಾನಿ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಒಂಬತ್ತು ತಾಟು ಬಂತು, ಏನು ಬಂತು ಅಂತ ಯಾರೂ ಹೇಳಲಿಲ್ಲ, ಇಟ್ಟರು, ಎತ್ತಿದರು. ಖಾರ ಇಲ್ಲ, ಒಗ್ಗರಣೆ ಇಲ್ಲ. ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ ತಿಂದು ಬೆಳೆದ ನಾಲಿಗೆಗೆ ಅದು ಎಲ್ಲಿಂದ ಹತ್ತಬೇಕು? ನಿಜ ಹೇಳಬೇಕಂದ್ರೆ ಆ ಸಂಜೆ ನನಗೆ ಬೇಸರವೇ ಆಯಿತು.

ಹೋಗಬೇಡಿ ಅನ್ನುತ್ತಿಲ್ಲ ಅಕ್ಕಾರೆ. ರಾತ್ರಿ ಊಟದ ಬದಲು ಮಧ್ಯಾಹ್ನ ಹೋಗಿ. ಅದೇ ಮನೆ, ಅದೇ ಅಡುಗೆಯವರು, ನಾಲ್ಕು ಬಗೆ ಕಡಿಮೆ ಇರಬಹುದು, ಆದರೆ ದುಡ್ಡು ಎಷ್ಟೋ ಕಡಿಮೆ. ಹೊಸಬರಿಗೆ ಎರಡೂವರೆ ತಾಸು ಜಾಸ್ತಿ ಆಗುತ್ತದೆ.

ಹಾನಗಲ್ ಕಡೆಯವ

ಅಣ್ಣಾ, ನಿಮಗೆ ಬೇಸರ ಆಗಿದ್ದು ಸರಿಯಾಗಿಯೇ ಇದೆ. ಏನು ಬಂತು ಅಂತ ಹೇಳದೆ ತಾಟು ಇಡುವುದು ಅಡುಗೆಯವರ ತಪ್ಪು, ಉಂಡವರದ್ದಲ್ಲ. ನಾನು ಬೆಂಗಳೂರಿನಲ್ಲಿ ಒಂದು ಜಪಾನಿ ಅಡುಗೆಮನೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ನಮ್ಮ ದೊಡ್ಡ ಅಡುಗೆಯವರು ಜಪಾನಿನವರು. ಮೊದಲ ಆರು ತಿಂಗಳು ನನ್ನಿಂದ ಬರೀ ಅಕ್ಕಿ ತೊಳೆಸಿದರು, ಮೂಲಂಗಿ ಹೆಚ್ಚಿಸಿದರು. ಊರಿಗೆ ಬಂದರೂ ಆ ಕೈ ಈಗಲೂ ಹಾಗೇ ಇದೆ.

ಖಾರ ಇಲ್ಲ ಅನ್ನುವ ಮಾತಿಗೆ ಬರ್ತೀನಿ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನೋಡಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಅದನ್ನು ಗುಂಟೂರು ಮೆಣಸಿನಕಾಯಿಯ ಹಾಗೆ ಸುಡಲಿ ಅಂತ ಕಾಯುತ್ತಾ ಕೂತರೆ ಅದರ ಪರಿಮಳ ತಪ್ಪಿಹೋಗುತ್ತದೆ. ಇದೂ ಹಾಗೆ. ಮುಚ್ಚಳದ ಬಟ್ಟಲು ಬಂದಾಗ ತಕ್ಷಣ ಕುಡಿಯಬೇಡಿ. ಮುಚ್ಚಳ ತೆಗೆದ ಕೂಡಲೇ ಮೇಲಕ್ಕೆ ಬರುವ ವಾಸನೆಗೆ ಮುಖ ಕೊಡಿ, ಆಮೇಲೆ ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಒಂದು ಗುಟುಕು. ಬರೀ ನೀರಿನ ಹಾಗೆ ಅನಿಸಬಹುದು. ಎರಡನೇ ಗುಟುಕಿಗೆ ತಿಳಿಯುತ್ತದೆ. ಅಡುಗೆಯವರು ತಮ್ಮ ಕೈ ತೋರಿಸುವುದೇ ಆ ಬಟ್ಟಲಲ್ಲಿ. ಅದು ಖಾಲಿ ಆಗಿ ವಾಪಸ್ ಒಳಗೆ ಬಂದರೆ ನಮ್ಮ ದೊಡ್ಡವರ ಮುಖ ಅರಳುತ್ತಿತ್ತು. ಮುಚ್ಚಳ ಬಿಗಿಯಾಗಿ ಹಿಡಿದುಕೊಂಡಿದ್ದರೆ ಎಳೆಯಬೇಡಿ, ಬಟ್ಟಲಿನ ಎರಡು ಪಕ್ಕ ಮೆತ್ತಗೆ ಒತ್ತಿ, ಗಾಳಿ ಹೋಗಿ ತಾನೇ ಬಿಡುತ್ತದೆ. ಉಂಡಾದ ಮೇಲೆ ಮುಚ್ಚಳವನ್ನು ಇದ್ದ ಹಾಗೇ ಮುಚ್ಚಿಡಿ, ಬೋರಲು ಹಾಕಬೇಡಿ.

ಅಕ್ಕಾರೆ, ಹಸಿ ಮೀನು ಬಂದಾಗ ಬಿಳಿ ಮೀನಿನಿಂದ ಶುರು ಮಾಡಿ, ಕೊಬ್ಬು ಇರುವ ಮೀನು ಕೊನೆಗೆ. ವಸಾಬಿಯನ್ನು ಸೋಯಾ ಸಾಸ್‌ನಲ್ಲಿ ಕದಡಬೇಡಿ, ಮೀನಿನ ಮೇಲೆ ಒಂದು ಚೂರು ಇಟ್ಟು ಮೀನಿನ ತುದಿಯನ್ನು ಮಾತ್ರ ಸಾಸ್‌ಗೆ ತಾಗಿಸಿ. ನಿಜವಾದ ವಸಾಬಿ ತಣ್ಣಗೆ ಹರಿಯುವ ನೀರಿನಲ್ಲಿ ಬೆಳೆಯುವ ಗಿಡದ ಗಡ್ಡೆ, ಸಾಸಿವೆಯ ಕುಲದ್ದು, ಅದಕ್ಕೇ ಖಾರ ನಾಲಿಗೆಗೆ ಹತ್ತದೆ ಮೂಗಿಗೆ ಹತ್ತುತ್ತದೆ. ತುರಿದ ಸ್ವಲ್ಪ ಹೊತ್ತಿಗೇ ಅದರ ಘಾಟು ಹಾರಿಹೋಗುತ್ತದೆ. ಮೀನು ತಿಂದು ಬೆಳೆದವರಿಗೆ ಹಸಿದು ಅಷ್ಟು ಕಷ್ಟ ಆಗಲ್ಲ. ಒಂದು ತುಂಡು ನೋಡಿ, ಒಗ್ಗದಿದ್ದರೆ ಬಿಡಿ.

ಎಲ್ಲಕ್ಕಿಂತ ದೊಡ್ಡ ಮಾತು, ಬಂದದ್ದನ್ನು ಬಂದ ಕೂಡಲೇ ತಿನ್ನಿ. ಅವ್ವ ಹಂಚಿನ ಮೇಲಿಂದ ಬಿಸಿ ರೊಟ್ಟಿ ಸೀದಾ ತಾಟಿಗೆ ಹಾಕ್ತಾಳಲ್ಲ, ನಾವು ಮಾತಾಡುತ್ತಾ ಕೂತರೆ 'ಆರ್ತದ ತಿನ್ನೋ' ಅಂತಾಳಲ್ಲ, ಅಲ್ಲಿ ಒಳಗೆ ನಿಂತವರ ಮನಸ್ಸಿನಲ್ಲೂ ಅದೇ ಇರುತ್ತದೆ. ಒಂದು ಫೋಟೋ ಸಾಕು, ಹತ್ತು ಬೇಡ.

ಮಧ್ಯಾಹ್ನದ ಊಟ ಅಂದ ಅಣ್ಣನ ಮಾತು ಒಳ್ಳೆಯ ಸಲಹೆ. ಆದರೆ ನಿವೃತ್ತಿಯ ಊಟ, ಜೀವಮಾನಕ್ಕೆ ಒಂದು ಸಲ. ನಾನಾದರೆ ರಾತ್ರಿಗೇ ಹೋಗ್ತೀನಿ.

ಕೇಶ್ವಾಪುರದ ಅಕ್ಕ

ನಾನು, ನನ್ನ ತಂಗಿ ಇಬ್ಬರೂ ಸಸ್ಯಾಹಾರಿಗಳು, ಜಪಾನಿಗೆ ಹೋಗಿ ಬಂದಿದ್ದೇವೆ. ಹೆದರಬೇಡಿ. ಶೋಜಿನ್ ರ್ಯೋರಿ ಅನ್ನುವ ಹೆಸರನ್ನು ನೆನಪಿಡಿ, ಅದು ಬೌದ್ಧ ಮಠಗಳ ಅಡುಗೆ. ಮೀನು, ಮಾಂಸ ಅಷ್ಟೇ ಅಲ್ಲ, ಉಳ್ಳಾಗಡ್ಡಿ, ಬಳ್ಳೊಳ್ಳಿ ಕೂಡ ಹಾಕುವುದಿಲ್ಲ. ನಾವು ಓಸಾಕಾದಿಂದ ರೈಲು, ಆಮೇಲೆ ಕೇಬಲ್ ಕಾರ್ ಹಿಡಿದು ಕೋಯಾಸಾನ್ ಬೆಟ್ಟಕ್ಕೆ ಹೋಗಿ ಒಂದು ಮಠದಲ್ಲಿ ಉಳಿದೆವು. 816ರಲ್ಲಿ ಕೂಕಾಯ್ ಅನ್ನುವ ಗುರುಗಳು ಶುರು ಮಾಡಿದ ಜಾಗ. ಎಳ್ಳನ್ನು ನುಣ್ಣಗೆ ರುಬ್ಬಿ ಕುಝು ಅನ್ನುವ ಗಡ್ಡೆಯ ಹಿಟ್ಟಿನಲ್ಲಿ ಕಾಯಿಸಿ ಗಟ್ಟಿ ಮಾಡಿದ ಗೋಮಾದೋಫು ಕೊಟ್ಟರು. ಹೆಸರಿಗೆ ತೋಫು, ಆದರೆ ಸೋಯಾ ಇಲ್ಲ. ಎಳ್ಳಮಾವಾಸ್ಯೆಯ ಎಳ್ಳು ಹೋಳಿಗೆ ತಿಂದ ನಮಗೆ ಎಳ್ಳಿಗೆ ಇಷ್ಟು ತಣ್ಣನೆಯ ರುಚಿ ಇದೆ ಅಂತ ಗೊತ್ತೇ ಇರಲಿಲ್ಲ. ಸೋಯಾ ಹಾಲು ಕಾಯಿಸುವಾಗ ಮೇಲೆ ಕಟ್ಟುವ ಕೆನೆ ಎತ್ತಿ ಮಾಡಿದ ಯೂಬಾ ಇತ್ತು. ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ತೋಫುವಿಗೆ ಆ ಬೆಟ್ಟದ ಹೆಸರೇ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮಿಸೋ ಹಚ್ಚಿ ಸುಟ್ಟ ಬದನೆಕಾಯಿ.

ನೀವು ಕೇಳಿದ ಸಣ್ಣ ವಿಷಯಗಳು. ಮೊಣಕಾಲು ನೋವು ಅಂತ ಮೊದಲೇ ಹೇಳಿ, ಕುರ್ಚಿ ಕೊಡುತ್ತಾರೆ. ಹೊರಿಗೊತಾತ್ಸು ಅಂತ ಮೇಜಿನ ಕೆಳಗೆ ಕಾಲು ಇಳಿಬಿಡುವ ಹಾಗೆ ತಗ್ಗು ಮಾಡಿರುವ ಕೋಣೆಯೂ ಇರುತ್ತದೆ. ಚಮಚ ಕೇಳಿದರೆ ಯಾರೂ ಏನೂ ಅಂದುಕೊಳ್ಳಲ್ಲ. ಆದರೆ ಎರಡು ತಪ್ಪು ಮಾತ್ರ ಮಾಡಬೇಡಿ. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬೇಡಿ, ನಿಮ್ಮ ಕಡ್ಡಿಯಿಂದ ಯಜಮಾನ್ರ ಕಡ್ಡಿಗೆ ತುತ್ತು ದಾಟಿಸಬೇಡಿ. ಎರಡೂ ಅವರಲ್ಲಿ ಸಾವಿನ ಮನೆಯ ಪದ್ಧತಿ. ಮತ್ತೆ ಆ ದಿನ ಮಲ್ಲಿಗೆ ಮುಡಿದುಕೊಂಡು, ಸೆಂಟ್ ಹಾಕಿಕೊಂಡು ಹೋಗಬೇಡಿ. ಅಷ್ಟು ಮೆತ್ತನೆಯ ವಾಸನೆಯ ಊಟದ ಮುಂದೆ ನಮ್ಮ ಮಲ್ಲಿಗೆ ತುಂಬಾ ಜೋರಾಗುತ್ತದೆ. ದಪ್ಪ ಉಂಗುರ ಇದ್ದರೆ ತೆಗೆದಿಡಿ, ಅರಗಿನ ಬಟ್ಟಲುಗಳಿಗೆ ಗೀರು ಬೀಳುತ್ತದೆ. ಟಿಪ್ಸ್ ಇಡಬೇಡಿ. ಉಣ್ಣುವ ಮುಂಚೆ ಕೈಮುಗಿದು 'ಇತಾದಾಕಿಮಾಸ್', ಎದ್ದು ಬರುವಾಗ 'ಗೊಚಿಸೋಸಾಮಾ', ಇಷ್ಟು ಸಾಕು.

ಮಾಳಮಡ್ಡಿ ಅಂಗಳ

ಎಲ್ಲರಿಗೂ ಕೈಮುಗಿದು ಧನ್ಯವಾದ. ಮಗನಿಗೆ ಪೂರ್ತಿ ಓದಿ ಹೇಳಿದೆ. ಮೊದಲು ನೋಡಿಟ್ಟ ಮನೆಯವರು ಮೀನಿನ ದಾಶಿ ಬಿಟ್ಟು ಮಾಡಲು ಆಗಲ್ಲ ಅಂದರು. ಎರಡನೆಯವರು ಹತ್ತು ದಿನ ಮುಂಚೆ ಹೇಳಿದರೆ ಸಾಕು ಅಂದರಂತೆ, ಕುರ್ಚಿಯೂ ಇದೆಯಂತೆ. ರಾತ್ರಿ ಊಟಕ್ಕೇ ಹೇಳಿದ್ದೇವೆ. ಬಂದ ಮೇಲೆ ಬರೆಯುತ್ತೇನೆ.

ಮಾಳಮಡ್ಡಿ ಅಂಗಳ

ಬಂದೆವು. ಹೇಳುವುದು ತುಂಬಾ ಇದೆ, ಊಟದ್ದು ಮಾತ್ರ ಬರೆಯುತ್ತೇನೆ.

ಮೇಜಿನ ಮೇಲೆ ಇಬ್ಬರ ತಾಟೂ ನೋಡಲು ಒಂದೇ ಥರ ಇದ್ದವು. ನನಗೆ ಮೀನು ಇದ್ದ ಕಡೆ ಅವರಿಗೆ ಯೂಬಾ, ನನಗೆ ಸುಟ್ಟ ಮೀನು ಬಂದಾಗ ಅವರಿಗೆ ಮಿಸೋ ಹಚ್ಚಿದ ಕೆಸುವಿನ ಗಡ್ಡೆ. ಅದೇ ಬಣ್ಣದ ಬಟ್ಟಲು, ಅದೇ ಎಲೆ. ಬೇರೆ ಊಟ ಅಂತ ಅವರನ್ನು ಪಕ್ಕಕ್ಕೆ ಕೂರಿಸಿದ ಹಾಗೆ ಒಂದು ಕ್ಷಣವೂ ಅನಿಸಲಿಲ್ಲ. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಬಡಿಸುವ ಹೆಣ್ಣುಮಗಳು ಪ್ರತಿಯೊಂದು ತಂದಾಗಲೂ ಏನು, ಎಲ್ಲಿಂದ ಬಂತು ಅಂತ ಹೇಳಿದಳು, ಮಗ ಕನ್ನಡದಲ್ಲಿ ಹೇಳಿದ. ಹಸಿ ಮೀನು ಎರಡು ತುಂಡು ತಿಂದೆ. ಬಿಳಿಯದು ಒಗ್ಗಿತು, ಕೊಬ್ಬಿನದನ್ನು ಮಗನಿಗೆ ಕೊಟ್ಟೆ. ಕಡ್ಡಿಯಿಂದ ಕಡ್ಡಿಗೆ ಅಲ್ಲ, ತಟ್ಟೆಯನ್ನೇ ಸರಿಸಿದೆ.

ಮುಚ್ಚಳದ ಬಟ್ಟಲು ಬಂದಾಗ ಹಾನಗಲ್ ತಮ್ಮ ಹೇಳಿದ ಹಾಗೇ ಮಾಡಿದೆವು. ಯೂಝು ಸಿಪ್ಪೆಯ ವಾಸನೆ ಹಿತವಾಗಿ ಮೂಗಿಗೆ ಬಂತು. ಯಜಮಾನ್ರು ಒಂದು ಗುಟುಕು ಕುಡಿದು ಸುಮ್ಮನೆ ಕೂತರು. ಎರಡನೆಯದು ಕುಡಿದರು. ಬಟ್ಟಲು ಕೆಳಗಿಟ್ಟು 'ಇದರಾಗ ಏನೂ ಹಾಕಿಲ್ಲ ಅನಸ್ತದ, ಆದ್ರ ಎಲ್ಲಾ ಅದ' ಅಂದರು. ಎಣ್ಣೆ ಇಲ್ಲ, ಮಸಾಲೆ ಇಲ್ಲ ಅಂತ ಹೋಗುವ ಮುಂಚೆ ಗೊಣಗುತ್ತಿದ್ದವರು ಇವರೇ.

ಕೊನೆಗೆ ಮಣ್ಣಿನ ಗಡಿಗೆಯಲ್ಲಿ ಹೊಸ ಅಕ್ಕಿಯ ಅನ್ನ ತಂದು ನಮ್ಮ ಮುಂದೆಯೇ ಮುಚ್ಚಳ ತೆಗೆದರು. ಬರೀ ಅನ್ನ, ಉಪ್ಪಿನಕಾಯಿ, ಸಾರು. ಇವರು ಎರಡು ಸಲ ಹಾಕಿಸಿಕೊಂಡರು. ತಳಕ್ಕೆ ಹತ್ತಿದ ಕೆಂಪನೆ ಅನ್ನವನ್ನು ಉಪ್ಪು ಉದುರಿಸಿ ಬೇರೆ ಬಟ್ಟಲಲ್ಲಿ ಕೊಟ್ಟರು, ಅದನ್ನು ನಾನು, ಇವರು ಹಂಚಿಕೊಂಡೆವು. ಚಿಕ್ಕಂದಿನಲ್ಲಿ ಅದಕ್ಕಾಗಿ ಅಣ್ಣತಮ್ಮಂದಿರು ಜಗಳ ಆಡುತ್ತಿದ್ದೆವು ಅಂತ ಇವರು ಹೇಳಿದ್ದನ್ನು ಮಗ ಬಡಿಸುವವಳಿಗೆ ಹೇಳಿದ. ಅವಳು ಒಳಗೆ ಹೋಗಿ ಅಡುಗೆಯವರಿಗೆ ಹೇಳಿದಳು. ಅವರು ಹೊರಗೆ ಬಂದು ತಲೆಬಾಗಿದರು, ಇವರು ಕೈಮುಗಿದರು.

ಗಡಿಗೆಯಲ್ಲಿ ಉಳಿದ ಅನ್ನವನ್ನು ಮೂರು ಉಂಡೆ ಕಟ್ಟಿ ಕೈಗೆ ಕೊಟ್ಟು ಕಳಿಸಿದರು. ಮಾರನೇ ದಿನ ಬೆಳಗ್ಗೆ ಕೋಣೆಯಲ್ಲಿ ಇವರು ಅದನ್ನು ಬಿಚ್ಚಿ, ನಾನು ಧಾರವಾಡದಿಂದ ಕಟ್ಟಿಕೊಂಡು ಹೋಗಿದ್ದ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು.